ಗೋಡೆಯಿಲ್ಲದ ಬಾಗಿಲು

ಫೆಬ್ರವರಿ 6

ಇವರಿಗೆ,

ಹೀಗೆ ಶುರುಮಾಡಿದ್ದಕ್ಕೆ ಕ್ಷಮಿಸಿ. ಏನೆಂದು ಕರೆಯಬೇಕೋ ತಿಳಿಯದೆ ಆಗಲೇ ಕೆಲವು ಹಾಳೆ ಹರಿದು ಹಾಕಿದ್ದಾಯಿತು. ನಾನೂ ನಿಮ್ಮ ಮಗನೂ ಸಹಿ ಹಾಕಿ ಬೇರೆಯಾಗಿ ವರ್ಷವಾಗುತ್ತ ಬಂತು. ಫೋನ್ ಮಾಡೋಣವೆಂದರೆ ಅತ್ತೆಯೇ ಎತ್ತುತ್ತಾರೆ, ನನ್ನ ದನಿ ಕೇಳಿದರೆ ಇಟ್ಟುಬಿಡುತ್ತಾರೆ. ನೀವೇ ಎತ್ತಿದರೂ ಫೋನಿನಲ್ಲಿ ನಿಮ್ಮ ಕಿವಿಯ ಸಂಗತಿ ಗೊತ್ತೇ ಇದೆ. ನಾನು ಒಂದು ಹೇಳಿದರೆ ನೀವು ಇನ್ನೊಂದಕ್ಕೆ ಉತ್ತರ ಕೊಡುತ್ತೀರಿ. ಅದಕ್ಕೇ ಈ ಕಾಗದ.

ನಾನು ಇಲ್ಲಿ ಶಾಲೆಯೊಂದರಲ್ಲಿ ಮಕ್ಕಳಿಗೆ ನೃತ್ಯ ಕಲಿಸುತ್ತಿದ್ದೇನೆ. ಮಹಡಿಯ ಮೇಲೆ ಒಂದು ಕೋಣೆ ಇದೆ. ಮಂಚವನ್ನು ಗೋಡೆಗೆ ನಿಲ್ಲಿಸಿದರೆ ಅಭ್ಯಾಸಕ್ಕೆ ಜಾಗವಾಗುತ್ತದೆ. ಮೊದಲ ಸಲ ನಾನೇ ಕಟ್ಟಿದ ನೃತ್ಯವೊಂದನ್ನು ಒಬ್ಬಳೇ ಮಾಡಬೇಕೆಂದಿದ್ದೇನೆ. ಹಿಂದೆ ಗೋದಾಮಾಗಿದ್ದ ಒಂದು ಸಭಾಂಗಣದವರು ಜೂನಿನಲ್ಲಿ ಒಂದು ಸಂಜೆ ಕೊಟ್ಟಿದ್ದಾರೆ. ವೇದಿಕೆಯ ಹಿಂದೆ ಒಂದು ಕಪ್ಪು ಪರದೆ ಇದೆ, ಅಷ್ಟೇ. ಉಳಿದದ್ದೆಲ್ಲ ನಾನೇ ಹೊಂದಿಸಿಕೊಳ್ಳಬೇಕು, ಮೇಷ್ಟರ ಸಂಬಳದಲ್ಲಿ.

ನನಗೆ ಒಂದು ಬಾಗಿಲು ಬೇಕು. ಹಗುರವಾಗಿರಬೇಕು, ಅಗ್ಗವಾಗಿರಬೇಕು. ಚಿಲಕ ಮೇಲುಗಡೆ ಇರಬೇಕು, ನನ್ನ ಕೈಗೆ ಸುಲಭವಾಗಿ ಸಿಗಬಾರದು. ಇಡೀ ಆಯುಷ್ಯ ನಾಟಕ ಮಂಡಳಿಗೆ ಅರಮನೆ, ಸೆರೆಮನೆ, ಕಾಡು, ಕಡಲು ಎಲ್ಲ ಮಾಡಿಕೊಟ್ಟವರು ನೀವು. ಬಾಗಿಲು ಎಂದಾಗ ನನಗೆ ಬೇರೆ ಯಾರೂ ನೆನಪಾಗಲಿಲ್ಲ. ನಾನು ಕೇಳುವುದು ಸರಿಯಲ್ಲ ಎನಿಸಿದರೆ ಕಾಗದ ಹರಿದುಬಿಡಿ. ನಾನು ತಪ್ಪು ತಿಳಿಯುವುದಿಲ್ಲ.

ಇಂತಿ,
ನಾನು

*

ಫೆಬ್ರವರಿ 15

ಗಿರಗಿಟ್ಲೆ,

‘ಇವರಿಗೆ’ ಅಂದರೆ ಯಾರಿಗೆ? ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಕಚೇರಿಗೆ ಬರೆದ ಅರ್ಜಿಯೇನೋ ಅಂದುಕೊಂಡೆ. ಸಹಿ ಹಾಕಿದ್ದು ನೀವಿಬ್ಬರು. ನನ್ನ ಸಹಿ ಯಾರೂ ಕೇಳಲಿಲ್ಲ, ಕೇಳಿದ್ದರೆ ಕೊಡುತ್ತಲೂ ಇರಲಿಲ್ಲ. ಮಾವ ಎಂದೇ ಬರಿ. ನಾನೂ ಹಳೆಯ ಹೆಸರಿನಿಂದಲೇ ಕರೆಯುತ್ತೇನೆ. ನಮ್ಮ ಹಜಾರದಲ್ಲಿ ನೀನು ಸುತ್ತುವುದನ್ನು ನೋಡಿ ಇಟ್ಟ ಹೆಸರು, ಬೇರೆಯವರಿಗೆ ಒಪ್ಪುವುದೂ ಇಲ್ಲ.

ನಿನ್ನ ಕಾಗದ ಓದಿದ ದಿನವೇ ಶೆಡ್ಡಿನ ಬೀಗ ತೆಗೆದೆ. ಮಂಡಳಿ ಮುಚ್ಚಿದ ಮೇಲೆ ಒಳಗೆ ಕಾಲಿಟ್ಟಿರಲಿಲ್ಲ. ಉಳಿಗೆಲ್ಲ ತುಕ್ಕು ಹಿಡಿದಿತ್ತು, ನನ್ನ ಹಾಗೆ. ಸಾಣೆ ಹಿಡಿದ ಮೇಲೆ ಎರಡೂ ಸ್ವಲ್ಪ ಸರಿಹೋದವು.

ನಕ್ಷೆ ಇದರ ಜೊತೆ ಇದೆ. ಬರೀ ಬಾಗಿಲು ಸಾಲದು ಮಗು. ಹಿಂದೆ ಮೂರು ಕಡೆ ಗೋಡೆ, ಎಡಕ್ಕೆ ಸರಳಿನ ಕಿಟಕಿ, ಬಲಕ್ಕೆ ಮಹಡಿಯ ಮೆಟ್ಟಿಲು, ಮೇಲೆ ಒಂದು ಗೂಡು, ಗೂಡಿನಲ್ಲಿ ದೀಪ. ಗೋಡೆಗೆ ಫ್ರಿಜ್ಜು ಬರುವ ರಟ್ಟಿನ ಪೆಟ್ಟಿಗೆ ಸಾಕು, ಅಂಗಡಿಯವರು ಹೊರಗೆ ಎಸೆಯುತ್ತಾರೆ. ಅಗ್ಗವೂ ಆಯಿತು, ಮನೆಯೂ ಆಯಿತು. ಹೇಗಿದೆ?

ನಿನ್ನ ಮಾವ

*

ಫೆಬ್ರವರಿ 24

ಮಾವ,

ಆ ಒಂದು ಪದ ಬರೆದು ಸುಮ್ಮನೆ ನೋಡುತ್ತ ಕೂತಿದ್ದೆ. ಸಂತೋಷವಾಯಿತು.

ನಕ್ಷೆ ಎಷ್ಟು ಚೆನ್ನಾಗಿದೆಯೆಂದರೆ ನಾನೇ ಅಲ್ಲಿ ಬಾಡಿಗೆಗೆ ಹೋಗಬಹುದು. ಆದರೆ ಕುಣಿಯುವುದೆಲ್ಲಿ? ಮೆಟ್ಟಿಲಿಗೆ ಒಂದು ಮೂಲೆ, ಕಿಟಕಿಗೆ ಒಂದು ಮೂಲೆ ಕೊಟ್ಟ ಮೇಲೆ ನನಗೆ ಉಳಿಯುವುದು ಚಾಪೆಯಷ್ಟು ಜಾಗ. ನನಗೆ ಬೇಕಾದದ್ದು ಖಾಲಿ ನೆಲ, ಒಂದು ಚೌಕಟ್ಟು, ಒಂದು ಕದ. ಕೆಳಗೆ ಹೊಸ್ತಿಲೂ ಬೇಡ, ಕಾಲು ಎಡವುತ್ತದೆ. ಬಟ್ಟೆಯ ಪಟ್ಟಿಯೊಂದನ್ನು ನೆಲಕ್ಕೆ ಅಂಟಿಸಿಕೊಳ್ಳುತ್ತೇನೆ.

ಗೋಡೆ ನಾನು ಕಟ್ಟುತ್ತೇನೆ. ಮೊದಲ ಭಾಗವಿಡೀ ಗೋಡೆ ಇರುವ ಕಡೆಯೇ ನಡೆಯುತ್ತೇನೆ, ಅಲ್ಲಿ ಬಂದಾಗ ತಿರುಗುತ್ತೇನೆ, ಒರಗುತ್ತೇನೆ, ಕೈಯಿಂದ ಸವರುತ್ತೇನೆ. ಬಾಗಿಲಿನ ಪಕ್ಕದಿಂದ ಒಮ್ಮೆಯೂ ದಾಟುವುದಿಲ್ಲ. ನಾನು ದಾಟದಿದ್ದರೆ ನೋಡುವವರೂ ದಾಟುವುದಿಲ್ಲ. ನಂಬಿ.

ಅತ್ತೆಯ ಮಂಡಿನೋವು ಹೇಗಿದೆ?

ನಿಮ್ಮ
ಗಿರಗಿಟ್ಲೆ

*

ಮಾರ್ಚ್ 20

ಗಿರಗಿಟ್ಲೆ,

ತಡವಾಯಿತು. ಕಾರಣ, ನಾನು ಮುನಿಸಿಕೊಂಡಿದ್ದೆ. ಗೋಡೆಯಿಲ್ಲದೆ ಬಾಗಿಲು ನಿಲ್ಲಿಸಿದರೆ ಜನ ನಗುತ್ತಾರೆ, ಪಕ್ಕದಲ್ಲಿ ಆನೆ ಹೋಗುವಷ್ಟು ಜಾಗ ಬಿಟ್ಟು ಇವಳು ಚಿಲಕ ಯಾಕೆ ತೆಗೆಯುತ್ತಾಳೆ ಎನ್ನುತ್ತಾರೆ ಎಂದು ಉದ್ದದ ಕಾಗದ ಬರೆದಿಟ್ಟಿದ್ದೆ. ಕಳಿಸಲಿಲ್ಲ. ಕಳಿಸದೆ ಇದ್ದದ್ದು ಒಳ್ಳೆಯದಾಯಿತು.

ಆದದ್ದು ಹೀಗೆ. ಪೆಟ್ಟಿಗೆ ಮಾಡುವ ತೆಳು ಮರದ ಪಟ್ಟಿಗಳನ್ನು ಜೋಡಿಸಿ ಚೌಕಟ್ಟು ಮಾಡಿ, ಶೆಡ್ಡಿನ ನಡುವೆ ನಿಲ್ಲಿಸಿದ್ದೆ. ಕದ ಇನ್ನೂ ಇರಲಿಲ್ಲ. ಸುತ್ತ ಎಲ್ಲ ಕಡೆ ಖಾಲಿ. ನಿನ್ನ ಅತ್ತೆ ನನಗೆ ಕಾಫಿ ತಂದಳು. ನೇರವಾಗಿ ಬರಬಹುದಿತ್ತು. ಬರಲಿಲ್ಲ. ಬಳಸಿಕೊಂಡು ಹೋಗಿ, ಚೌಕಟ್ಟಿನ ಒಳಗಿಂದ ತಲೆ ಸ್ವಲ್ಪ ತಗ್ಗಿಸಿ ಬಂದು, ಲೋಟ ಕೊಟ್ಟು, ಅದರೊಳಗಿಂದಲೇ ವಾಪಸು ಹೋದಳು. ತಾನು ಹಾಗೆ ಮಾಡಿದ್ದು ಅವಳಿಗೆ ಗೊತ್ತೇ ಇಲ್ಲ! ಕಾಫಿ ಆರುವವರೆಗೆ ನಾನು ಬೆರಗಾಗಿ ಕೂತಿದ್ದೆ. ಇಷ್ಟು ವರ್ಷ ರಾಶಿ ರಾಶಿ ಗೋಡೆ ಮಾಡಿ ಲಾರಿಗೆ ತುಂಬಿದ್ದೇನೆ. ಅರ್ಧಕ್ಕರ್ಧ ಬೇಕೇ ಇರಲಿಲ್ಲವೇನೋ. ನೀನು ಗೆದ್ದೆ. ನಿನ್ನ ತಲೆಗೆ ನನ್ನ ಶರಣು.

ಕದಕ್ಕೆ ಮರ ಹಾಕಿದರೆ ಭಾರ. ತೆಳು ಪಟ್ಟಿಯ ಮೇಲೆ ಹಳೆಯ ಹಾಸುಬಟ್ಟೆ ಎಳೆದು ಕಟ್ಟಿದ್ದೇನೆ. ಸೀಮೆಸುಣ್ಣದ ಪುಡಿಗೆ ಅಂಟು ಕಲಸಿ ಬಳಿದರೆ ಬಟ್ಟೆ ಗಟ್ಟಿಯಾಗುತ್ತದೆ, ಮೇಲೆ ಚಹಾದ ನೀರು ಹೊಡೆದರೆ ಬಣ್ಣ ಹಳತಾಗುತ್ತದೆ. ಮರದ ಗೆರೆಗಳನ್ನು ಬೇಕೆಂದೇ ಒರಟಾಗಿ ಎಳೆದಿದ್ದೇನೆ. ಹತ್ತಿರದಿಂದ ನೋಡಿ ಬೈಯಬೇಡ, ಅದು ದೂರದವರಿಗೆ ಮಾಡಿದ್ದು.

ಇನ್ನೊಂದು ವಿಷಯ. ಚಿಲಕ ಕೂರಿಸುತ್ತಿದ್ದಾಗ ನಿನ್ನ ಅತ್ತೆ ಮತ್ತೆ ಬಂದಳು. ನೀನು ಕೇಳಿದ ಬಾಗಿಲೆಂದು ನಾನು ಬಾಯಿ ಬಿಟ್ಟಿರಲಿಲ್ಲ. ನೃತ್ಯದವರಿಗೆ ಎಂದಷ್ಟೇ ಹೇಳಿದ್ದೆ.

“ಕುಣಿಯೋರಿಗೆ ಬಾಗಿಲು ಯಾಕ್ರೀ?” ಎಂದಳು.

“ಅವರಿಗೂ ಹೋಗೋದು ಬರೋದು ಇರುತ್ತಲ್ಲ,” ಎಂದೆ.

ಸ್ವಲ್ಪ ಹೊತ್ತು ನಿಂತು ನೋಡಿ, “ಚಿಲಕ ಇನ್ನೂ ಮೇಲಕ್ಕೆ ಹಾಕಿ. ಹಿಮ್ಮಡಿ ಎತ್ತಿ ತೆಗೀತಿದ್ಲು ಅವಳು,” ಎಂದು ಹೇಳಿ ಹೋದಳು.

ಆಗ ನನಗೆ ತಿಳಿಯಿತು. ದಡ್ಡ ನಾನು, ಅಲ್ಲಿಯವರೆಗೆ ತಿಳಿದಿರಲಿಲ್ಲ. ಇದು ನಮ್ಮ ಮನೆಯ ಬಾಗಿಲು, ಅಲ್ಲವಾ?

ನಿನ್ನ ಮಾವ

*

ಏಪ್ರಿಲ್ 2

ಮಾವ,

ಹೌದು. ನಿಮ್ಮ ಮನೆಯ ಬಾಗಿಲೇ.

ಮೊದಲೇ ಹೇಳಬೇಕಿತ್ತು. ಹೇಳಿದರೆ ಮಾಡಿಕೊಡುವುದಿಲ್ಲವೇನೋ ಎಂದು ಹೆದರಿದೆ. ನೃತ್ಯದಲ್ಲಿ ಇರುವುದು ಒಂದು ಬೆಳಗು, ಅಷ್ಟೇ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದವಳೊಬ್ಬಳು ದಿನದ ಕೆಲಸಗಳನ್ನು ಒಂದೊಂದಾಗಿ ಮುಗಿಸುತ್ತಾಳೆ. ಕಸ ಗುಡಿಸುತ್ತಾಳೆ, ಹಾಸಿಗೆ ಮಡಿಸುತ್ತಾಳೆ, ಬಟ್ಟೆ ಒಣಹಾಕುತ್ತಾಳೆ. ಎಲ್ಲ ಮುಗಿದ ಮೇಲೆ ಚಿಲಕ ತೆಗೆದು ಹೊರಟುಹೋಗುತ್ತಾಳೆ. ಯಾರ ಮೇಲೂ ದೂರಿಲ್ಲ ಅದರಲ್ಲಿ. ನಿಮ್ಮ ಮಗ ಕೆಟ್ಟವರಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಒಗ್ಗಲಿಲ್ಲ, ಒಗ್ಗಿದವರ ಹಾಗೆ ನಟಿಸಿ ಸುಸ್ತಾಗಿದ್ದೆವು.

ಆ ಬೆಳಿಗ್ಗೆ ನನ್ನ ಟ್ರಂಕು ಹೊತ್ತು ಬಸ್ಸಿನವರೆಗೆ ಬಂದವರು ನೀವು. ದಾರಿಯುದ್ದಕ್ಕೂ ಮರಕ್ಕೆ ಹತ್ತುವ ಗೆದ್ದಲಿನ ಬಗ್ಗೆ ಮಾತಾಡಿದಿರಿ. ಬಸ್ಸಿನಲ್ಲಿ ಕೂತು ನಾನು ಅತ್ತದ್ದು ಗೆದ್ದಲಿಗಂತೂ ಅಲ್ಲ. ಮನೆ ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ, ಮಾವ. ನಿಮ್ಮಿಬ್ಬರನ್ನು ಬಿಟ್ಟದ್ದಕ್ಕೆ ಇದೆ. ಅತ್ತೆ ಆವತ್ತು ಹೊರಗೆ ಬರಲೇ ಇಲ್ಲ. ಹೋಗಿ ಬರ್ತೀನಿ ಎಂದು ಅಡುಗೆಮನೆಯ ಕಡೆ ನೋಡಿ ಹೇಳಿದೆ. ಪಾತ್ರೆಯ ಸದ್ದು ಕೇಳಿಸಿತು.

ಇದನ್ನು ಜನರ ಮುಂದೆ ಮಾಡಬೇಡ ಎಂದು ನೀವು ಒಂದು ಮಾತು ಹೇಳಿದರೆ ಸಾಕು, ಬಿಟ್ಟುಬಿಡುತ್ತೇನೆ. ಕಲಿತ ಹಳೆಯ ನೃತ್ಯಗಳು ಬೇಕಾದಷ್ಟಿವೆ. ನೃತ್ಯ ಇನ್ನೊಂದು ಕಟ್ಟಬಹುದು. ನೀವು ದೂರವಾದರೆ ನನ್ನವರೆಂದು ಹೇಳಿಕೊಳ್ಳಲು ಆ ಮನೆಯಿಂದ ಯಾರೂ ಉಳಿಯುವುದಿಲ್ಲ. ನಿಜ ಹೇಳಿ.

ನಿಮ್ಮ
ಗಿರಗಿಟ್ಲೆ

*

ಮೇ 9

ಗಿರಗಿಟ್ಲೆ,

ತರಕಾರಿ ಲಾರಿಯವನೊಬ್ಬ ನಿನ್ನ ಊರಿನ ಕಡೆ ಬರುತ್ತಿದ್ದಾನೆ, ಪರಿಚಯದವನು. ಬಾಗಿಲು ಅವನ ಕೈಯಲ್ಲಿ ಕಳಿಸಿದ್ದೇನೆ. ನೀನು ಕೇಳಿದ್ದಕ್ಕೆ ನನ್ನ ಉತ್ತರ ಅದೇ.

ಚೌಕಟ್ಟಿನ ಹಿಂದೆ ಎರಡು ಊರುಗೋಲು ಇವೆ, ಬಿಚ್ಚಿದರೆ ತ್ರಿಕೋನವಾಗಿ ನಿಲ್ಲುತ್ತವೆ. ಅವುಗಳ ಪಾದದ ಮೇಲೆ ಮರಳಿನ ಚೀಲ ಇಡು, ಇಲ್ಲದಿದ್ದರೆ ಕದ ಎಳೆದಾಗ ಎಲ್ಲ ಮುಂದಕ್ಕೆ ಬಗ್ಗುತ್ತದೆ. ಚೀಲ ಹೊಲಿದು ಕಳಿಸಿದ್ದೇನೆ, ಮರಳು ಮಾತ್ರ ಅಲ್ಲಿ ತುಂಬಿಸಿಕೋ. ಅಟ್ಟದ ಮೇಲೆ ಮಗನ ಹಳೆಯ ಪ್ಯಾಂಟುಗಳಿದ್ದವು. ಕಾಲುಗಳನ್ನು ಕತ್ತರಿಸಿದೆ. ಗಟ್ಟಿ ಬಟ್ಟೆ.

ಕದ ತಿರುಗುವ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡು, ಜಾಸ್ತಿ ಬೇಡ. ಸ್ವಲ್ಪ ಕಿರ್ರೆಂದರೆ ಚೆನ್ನ.

ಮಾವ

*

ಮೇ 18

ಮಾವ,

ಬಾಗಿಲು ಬಂತು. ಇಳಿಸಲು ನಾಲ್ಕು ಜನ ಬೇಕೆಂದು ಪಕ್ಕದ ಮನೆಯವರನ್ನೆಲ್ಲ ಕರೆದು ನಿಲ್ಲಿಸಿದ್ದೆ. ಲಾರಿಯವನು ಒಂದೇ ಕೈಯಲ್ಲಿ ಎತ್ತಿ ತಂದು ಕೊಟ್ಟಾಗ ಎಲ್ಲರೂ ನನ್ನ ಮುಖ ನೋಡಿದರು.

ಸಭಾಂಗಣದಲ್ಲಿ ನಿಲ್ಲಿಸಿ ಕೊನೆಯವರೆಗೆ ಹಿಂದೆ ನಡೆದುಕೊಂಡು ಹೋಗಿ ತಿರುಗಿ ನೋಡಿದೆ. ಹತ್ತಿರದಲ್ಲಿ ಚಹಾದ ಕಲೆ, ಬಟ್ಟೆಯ ಸುಕ್ಕು, ಕುಂಚದ ಗೀರು. ದೂರದಿಂದ ನಿಮ್ಮ ಮನೆ. ಕೈ ಹಿಡಿದು ಹಿಡಿದು ನುಣುಪಾದ ಜಾಗವನ್ನೂ ಬಿಡಿಸಿದ್ದೀರಲ್ಲ! ದೀಪದವನು ಬಂದು ಮುಟ್ಟಿ ನೋಡಿ, “ಇದು ಬಟ್ಟೇನಾ?” ಎಂದ. ಎರಡು ಸಲ ಕೇಳಿದ. ನನ್ನ ಮಾವ ಮಾಡಿದ್ದು ಎಂದು ಜಂಬದಿಂದ ಹೇಳಿಕೊಂಡೆ.

ಪ್ಯಾಂಟುಗಳ ಗುರುತು ಸಿಕ್ಕಿತು. ಆ ಕಂದು ಬಣ್ಣದ್ದನ್ನು ಇಸ್ತ್ರಿ ಮಾಡಿದವಳು ನಾನೇ ಅಲ್ಲವೇ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಹಳ ದಿನವಾಗಿತ್ತು ಹಾಗೆ ನಕ್ಕು.

ಈಗ ಕೇಳಿ. ಅಭ್ಯಾಸದಲ್ಲಿ ಕೆಲಸಗಳೆಲ್ಲ ಮುಗಿದವು, ಬಾಗಿಲ ಹತ್ತಿರ ಹೋದೆ, ಹಿಮ್ಮಡಿ ಎತ್ತಿದೆ, ಚಿಲಕ ತೆಗೆದೆ, ಹೊರಗೆ ನುಗ್ಗಿದೆ. ಮೂಗು ಕದಕ್ಕೆ ಬಡಿಯಿತು! ನಿಮ್ಮ ಬಾಗಿಲು ಹೊರಕ್ಕೆ ತೆರೆಯುವುದಿಲ್ಲ. ಒಳಕ್ಕೆ, ನನ್ನ ಕಡೆಗೆ ತೆರೆಯುತ್ತದೆ. ಒಂದೇ ಉಸಿರಿಗೆ ಹೊರಟುಹೋಗುವಂತೆ ನಾನು ಕಟ್ಟಿದ್ದು ಕೆಟ್ಟಿತು. ಸಿಟ್ಟು ಬಂತು. ಕೀಲು ತಿರುಗಿಸಿ ಹಾಕೋಣವೆಂದು ಬಡಗಿಯನ್ನು ಹುಡುಕಲು ಹೊರಟೆ. ಹೊರಡುವ ಮುಂಚೆ ಸುಮ್ಮನೆ ಇನ್ನೊಮ್ಮೆ ಮಾಡಿ ನೋಡಿದೆ.

ಕದವನ್ನು ನನ್ನ ಕಡೆಗೆ ಎಳೆದರೆ ಅದಕ್ಕೆ ಜಾಗ ಕೊಡಬೇಕು. ಜಾಗ ಕೊಡಲು ಒಂದು ಹೆಜ್ಜೆ ಹಿಂದೆ ಇಡಲೇಬೇಕು. ಹೊರಟವಳು ಮನೆಯೊಳಕ್ಕೆ ಒಂದು ಹೆಜ್ಜೆ ವಾಪಸು ಬರುತ್ತಾಳೆ, ಆಮೇಲೇ ಹೋಗಲು ಸಾಧ್ಯ. ಮಾವ, ಆ ಬೆಳಿಗ್ಗೆ ನಾನೂ ಹಾಗೆಯೇ ಹಿಂದೆ ಸರಿದಿರಬೇಕು, ಅದೇ ಬಾಗಿಲಲ್ಲವೇ. ನನ್ನ ಮೈ ಅದನ್ನು ಮರೆತಿತ್ತು. ಇಡೀ ನೃತ್ಯದಲ್ಲಿ ಏನೋ ಸುಳ್ಳು ಇದೆ ಎಂದು ಇಷ್ಟು ದಿನ ಒದ್ದಾಡುತ್ತಿದ್ದೆನಲ್ಲ, ಅದು ಇದೇ. ಈಗ ಕೊನೆಯ ಭಾಗವನ್ನೆಲ್ಲ ಆ ಒಂದು ಹೆಜ್ಜೆಯ ಸುತ್ತ ಮತ್ತೆ ಕಟ್ಟಿದ್ದೇನೆ.

ಜೂನ್ 14, ಸಂಜೆ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿಗೆ ‘ಮನೆಯವರಿಗೆ’ ಎಂದು ಚೀಟಿ ಅಂಟಿಸುತ್ತೇನೆ. ನೀವೂ ಅತ್ತೆಯೂ ಬನ್ನಿ.

ನಿಮ್ಮ
ಗಿರಗಿಟ್ಲೆ

*

ಮೇ 27

ಗಿರಗಿಟ್ಲೆ,

ಮೂಗು ಹೇಗಿದೆ? ನನಗೆ ನಾಚಿಕೆಯಿಂದ ಊಟ ಸೇರಲಿಲ್ಲ. ರಂಗದ ಮೇಲಿನ ಬಾಗಿಲು ಯಾವಾಗಲೂ ಹಿಂದಕ್ಕೆ, ಪರದೆಯ ಕಡೆಗೆ ತೆರೆಯಬೇಕು. ನಮ್ಮ ಕಸುಬಿನ ಮೊದಲ ಪಾಠ ಅದು. ನಟ ಬಂದಾಗ ಕದ ಅವನನ್ನು ಮರೆಮಾಡಬಾರದು. ನಾನು ಮಾಡಿದ ನೂರಾರು ಬಾಗಿಲುಗಳಲ್ಲಿ ಒಂದೂ ಒಳಕ್ಕೆ ತೆರೆದಿಲ್ಲ. ಇದಕ್ಕೆ ಮಾತ್ರ ನಾನು ಅಳತೆ ತೆಗೆದದ್ದು ನಮ್ಮ ಮನೆಯ ಬಾಗಿಲಿನಿಂದ. ದಿನಾ ಹೋಗಿ ಹೋಗಿ ಅದನ್ನೇ ಮುಟ್ಟಿ ನೋಡಿ ಬರುತ್ತಿದ್ದೆ. ರಂಗದ ಬಾಗಿಲು ಮಾಡುತ್ತಿದ್ದೇನೆ ಎಂಬುದು ಕೈಗೆ ಮರೆತೇಹೋಯಿತು.

ಬೇರೆಯವರಾಗಿದ್ದರೆ ನನಗೆ ಬೈದು ಕೀಲು ಕೀಳಿಸುತ್ತಿದ್ದರು. ನೀನು ನನ್ನ ತಪ್ಪಿಗೆ ಹೆಜ್ಜೆ ಹಾಕಿಬಿಟ್ಟೆಯಲ್ಲ. ಮಂಡಳಿಯಲ್ಲಿ ದೊಡ್ಡ ದೊಡ್ಡವರನ್ನು ಕಂಡಿದ್ದೇನೆ. ಇಂಥ ಧೈರ್ಯ ಕಂಡಿಲ್ಲ.

ಬರುವ ವಿಷಯ. ನಿನ್ನ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳಿದೆ, ಪೂರ್ತಿಯಾಗಿ. ಕೇಳಿಸಿಕೊಂಡಳು. “ನನಗೆ ಮಂಡಿ ನೋವು,” ಎಂದಳು. ನಾನು ಒಬ್ಬನೇ ಹೋಗಿ ಬರಲೇ ಎಂದು ಕೇಳಿದರೆ ಎದ್ದು ಅಡುಗೆಮನೆಗೆ ಹೋದಳು. ಅವಳನ್ನು ಬಿಟ್ಟು ಬರಲು ನನ್ನ ಕಾಲು ಏಳುತ್ತದೋ ಇಲ್ಲವೋ ಗೊತ್ತಿಲ್ಲ ಮಗು. ಮಾತು ಕೊಟ್ಟು ತಪ್ಪುವುದಕ್ಕಿಂತ ಕೊಡದೇ ಇರುತ್ತೇನೆ.

ನಿನ್ನ ಮಾವ

*

ಜೂನ್ 16

ಮಾವ,

ಎಲ್ಲ ಚೆನ್ನಾಗಿ ಆಯಿತು. ಜನ ಬಂದಿದ್ದರು, ಕೊನೆಯಲ್ಲಿ ಬಹಳ ಹೊತ್ತು ಚಪ್ಪಾಳೆ ಇತ್ತು. ಶಾಲೆಯ ಮಕ್ಕಳು ಬಾಗಿಲಿನೊಳಗಿಂದ ಹೋಗಿ ಬಂದು ಆಟವಾಡಿದರು. ಅವರೂ ಪಕ್ಕದಿಂದ ದಾಟಲಿಲ್ಲ.

ಮುಂದಿನ ಸಾಲಿನ ಎರಡು ಕುರ್ಚಿ ಖಾಲಿ ಇದ್ದವು. ಶುರುವಾಗುವಾಗ ನೋಡಿದೆ, ಮುಗಿದ ಮೇಲೂ ನೋಡಿದೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ನೀವು ಮೊದಲೇ ಹೇಳಿದ್ದಿರಿ. ಆದರೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಗಿಲು ಕಳಿಸಿದ್ದೇ ಉತ್ತರ ಎಂದು ಬರೆದಿದ್ದಿರಿ. ನಾನು ಅದನ್ನು ನನಗೆ ಬೇಕಾದ ಹಾಗೆ ಓದಿಕೊಂಡೆನೇನೋ.

ಈ ನೃತ್ಯ ಇನ್ನು ಮಾಡುವುದಿಲ್ಲ ಎಂದುಕೊಂಡಿದ್ದೇನೆ. ಲಾರಿಯವರ ವಿಳಾಸ ತಿಳಿಸಿ, ಬಾಗಿಲು ವಾಪಸು ಕಳಿಸುತ್ತೇನೆ.

ಇಂತಿ,
ನಾನು

*

ಜೂನ್ 21

ಗಿರಗಿಟ್ಲೆ,

ಬಾಗಿಲು ಕಳಿಸಿದರೆ ನಾನು ಲಾರಿಯಿಂದ ಇಳಿಸಿಕೊಳ್ಳುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಾವು ಬಂದಿದ್ದೆವು. ಇಬ್ಬರೂ.

ಆವತ್ತು ಮಧ್ಯಾಹ್ನದವರೆಗೆ ನಿನ್ನ ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದಳು. ಆಮೇಲೆ ನೋಡಿದರೆ ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಾಳೆ. “ಬಸ್ಸು ತಪ್ಪಿದ್ರೆ ನನ್ನ ಕೇಳ್ಬೇಡಿ,” ಎಂದಳು. ತಪ್ಪಿಯೂ ತಪ್ಪಿತು, ಮುಂದಿನದರಲ್ಲಿ ಬಂದೆವು. ನಾವು ಒಳಗೆ ಬರುವಾಗ ದೀಪ ಆರಿಸಿದ್ದರು. ಕತ್ತಲಲ್ಲಿ ಸಿಕ್ಕಿದ ಕೊನೆಯ ಸಾಲಿನಲ್ಲಿ ಕೂತೆವು. ನನಗೆ ಅದೇ ಸರಿ, ನಾನು ಮಾಡಿದ್ದನ್ನು ನಾನು ಅಲ್ಲಿಂದಲೇ ನೋಡುವುದು.

ಆದರೆ ಈ ಸಲ ನಾನು ಮಾಡಿದ್ದನ್ನು ನೋಡಲಿಲ್ಲ. ನೀನು ಗೋಡೆಗೆ ಕೈ ಊರಿ ನಡೆದೆಯಲ್ಲ, ಆಗ ಗೋಡೆ ಕಂಡಿತು. ಇಲ್ಲದ ಹಗ್ಗದ ಮೇಲೆ ಇಲ್ಲದ ಬಟ್ಟೆ ಕೊಡವಿ ಹಾಕಿದಾಗ ನನ್ನ ಮುಖಕ್ಕೆ ನೀರು ಸಿಡಿದ ಹಾಗಾಯಿತು. ನಮ್ಮ ಮನೆಯಲ್ಲಿ ನೀನು ದಿನಾ ಮಾಡುತ್ತಿದ್ದ ಕೆಲಸಗಳು ಅವು. ನಾನು ಪಕ್ಕದಲ್ಲೇ ಪೇಪರು ಓದುತ್ತ ಕೂತಿರುತ್ತಿದ್ದೆ. ಅವು ಇಷ್ಟು ಚಂದವಿದ್ದವೆಂದು ತಿಳಿಯಲು ಟಿಕೆಟ್ ತೆಗೆದುಕೊಂಡು ಬರಬೇಕಾಯಿತು ನೋಡು.

ಮುಗಿದ ಮೇಲೆ ನಿನ್ನನ್ನು ಕಾಣದೆ ಹೊರಟದ್ದಕ್ಕೆ ಬೈಯಬೇಡ. ನಿನ್ನ ಅತ್ತೆ ನನ್ನ ತೋಳು ಹಿಡಿದು ಎಳೆದುಕೊಂಡು ಹೊರಗೆ ಬಂದಳು. ಮುಖ ಊದಿಹೋಗಿತ್ತು. “ಈ ಮೋರೆ ಹೊತ್ತು ಅವಳ ಮುಂದೆ ಹೋಗಲ್ಲ ನಾನು,” ಎಂದಳು. ಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ, ಕಿಟಕಿಯ ಕಡೆ ನೋಡುತ್ತ, “ಆವತ್ತು ಅವಳು ಹೋಗಿದ್ದನ್ನ ನಾನು ನೋಡ್ಲಿಲ್ಲ ಕಣ್ರೀ. ಹೊರಗೆ ಬಂದ್ರೆ ಕೈ ಹಿಡ್ಕೊಂಡುಬಿಡ್ತೀನಿ ಅಂತ ಒಳಗೇ ಪಾತ್ರೆ ಉಜ್ತಾ ನಿಂತೆ. ತೊಳೆದ ಪಾತ್ರೆನೇ ಮತ್ತೆ ಮತ್ತೆ ಉಜ್ಜಿದೆ,” ಎಂದಳು. ನಾನು ಟಿಕೆಟ್ಟು ಹುಡುಕುವ ನೆಪದಲ್ಲಿ ಜೇಬು ತಡಕಿದೆ.

ಇದನ್ನು ಮತ್ತೆ ಮಾಡುವುದಿಲ್ಲ ಎಂದು ಬರೆದಿದ್ದೀಯಲ್ಲ. ಮಾಡಲೇಬೇಕು. ಯಾಕೆಂದು ಹೇಳುತ್ತೇನೆ ಕೇಳು.

ನೀನು ಹಿಮ್ಮಡಿ ಎತ್ತಿದೆ. ಚಿಲಕ ತೆಗೆದೆ. ನನ್ನ ಪಕ್ಕದಲ್ಲಿ ನಿನ್ನ ಅತ್ತೆ ಉಸಿರು ಬಿಗಿಹಿಡಿದು ಕೂತಿದ್ದಾಳೆ. ಕದ ಒಳಕ್ಕೆ ಬಂತು. ನೀನು ಒಂದು ಹೆಜ್ಜೆ ಹಿಂದೆ, ಮನೆಯೊಳಕ್ಕೆ, ಇಟ್ಟೆ. ಮಂಡಿನೋವಿನ ಆ ಹೆಂಗಸು ಕುರ್ಚಿಯ ಕೈ ಕೂಡ ಹಿಡಿಯದೆ ಎದ್ದು ನಿಂತುಬಿಟ್ಟಳು.

“ಬಂದ್ಲು,” ಎಂದಳು. ಇಡೀ ಸಾಲಿಗೆ ಕೇಳಿಸುವಷ್ಟು ಜೋರಾಗಿ.

ಆಮೇಲೆ ನೀನು ಹೋದೆ. ಬಾಗಿಲ ಹಿಂದಿನ ಬೆಳಕೂ ಆರಿತು, ಜನ ಚಪ್ಪಾಳೆ ತಟ್ಟತೊಡಗಿದರು. ಅವಳು ಮಾತ್ರ ಹಾಗೆಯೇ ನಿಂತಿದ್ದಳು. ಕೊನೆಗೆ ನಾನೇ ಕೈ ಹಿಡಿದು ಕೂರಿಸಿದೆ.

ನಿನ್ನ
ಮಾವ